ಎಲ್ಲರೂ ಕರೆದ ಗಾಡಿ

ಅಂದು ಹಾಲಿನವನು ತಡವಾಗಿ ಬಂದ. ಅದೊಂದು ಬಿಟ್ಟರೆ ಆ ಬೆಳಿಗ್ಗೆ ಉಳಿದ ಬೆಳಿಗ್ಗೆಗಳ ಹಾಗೆಯೇ ಇತ್ತು. ನಮ್ಮ ಮನೆಯವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವವರು. ಮೊದಲ ಪಾಳಿ ಇದ್ದಾಗ, ಇನ್ನೂ ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಕಮಲಾಪುರದ ದೊಡ್ಡ ರಸ್ತೆಗೆ ಬಂದು ಹಾರನ್ ಹಾಕುತ್ತದೆ. ಅವರ ಡಬ್ಬಿಗೆ ಚಿತ್ರಾನ್ನ ತುಂಬಿ, ಮುಚ್ಚಳ ಒತ್ತಿ, ಕರವಸ್ತ್ರದಲ್ಲಿ ಗಂಟು ಹಾಕಿ ಕೊಟ್ಟೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಅತ್ತೆಗೆ ನೀರು ಕಾಯಿಸಿದೆ. ಅವರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು. ಅವರಿಗೆ ಬಿಸಿ ರೊಟ್ಟಿಯೇ ಆಗಬೇಕು. ಡಬ್ಬಿಯಲ್ಲಿಟ್ಟದ್ದು ಹಲ್ಲಿಗೆ ಬಾರದು. ಹಾಗಾಗಿ ಜೋಳದ ಹಿಟ್ಟು ನಾದಿ ಒಲೆಯ ಮುಂದೆ ಕುಳಿತೆ.

ರೊಟ್ಟಿ ತಟ್ಟುವಾಗ ಬಲಗೈಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಎಡಗೈ ತಿರುಗಿಸುತ್ತದೆ, ಬಲಗೈ ಬಡಿಯುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ನಾನು ಹಾಲಿನವನಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ರೊಟ್ಟಿಯ ಅಂಚು ಹರಿಯಿತು. ಸರಿಮಾಡಲು ಹೋದರೆ ಕೈ ಮಣೆಯ ಮೇಲೆ ಬೀಳದೆ ಪಕ್ಕದ ನೆಲದ ಮೇಲೆ ಬಿತ್ತು. ಮತ್ತೆ ಎತ್ತಿದೆ, ಮತ್ತೆ ನೆಲಕ್ಕೇ ಬಿತ್ತು. ಕೆಂಪು ಗಾರೆಯ ಮೇಲೆ ನನ್ನ ಅಂಗೈಯ ಬಿಳಿ ಗುರುತು ಮೂಡಿತ್ತು, ಮಕ್ಕಳು ಗೋಡೆಯ ಮೇಲೆ ಒತ್ತಿದ ಹಾಗೆ. ಅದನ್ನೇ ನೋಡುತ್ತಾ ಬಲಕ್ಕೆ ವಾಲಿದೆ.

‘ಅತ್ತೀ’ ಎಂದು ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಬಾಯಿಂದ ಬಂದದ್ದು ‘ತ... ತ...’ ಎಂಬ ಸದ್ದು ಮಾತ್ರ, ಗಂಟಲಲ್ಲಿ ನೀರು ಕುದಿದಂತೆ.

ಪಡಸಾಲೆಯಿಂದ ಅತ್ತೆಯ ದನಿ ಬಂತು. “ಯಾಕ ಸುಮಾ, ಸಪ್ಪಳ ನಿಂತಿತಲ್ಲ? ರೊಟ್ಟಿ ಹೊತ್ತಾಕತ್ತೈತಿ ನೋಡು.”

ಆಮೇಲೆ ಅವರ ಕಾಲಿನ ಸದ್ದು. ಒಳಗೆ ಬಂದವರು ಮೊದಲು ಗ್ಯಾಸ್ ಆರಿಸಿದರು, ನಂತರ ನನ್ನನ್ನು ನೋಡಿದರು. ಎಪ್ಪತ್ತು ದಾಟಿದ ಹೆಂಗಸಿಗೆ ಆ ಗಳಿಗೆಯಲ್ಲೂ ಇದ್ದ ಆ ಎಚ್ಚರಕ್ಕೆ ನಾನು ಇಂದಿಗೂ ಋಣಿ. ನನ್ನ ಬಾಯಿಯನ್ನು ಸೆರಗಿನಿಂದ ಒರೆಸಿ, “ಯವ್ವಾ, ನನ ಸೊಸಿಗೆ ಏನೋ ಆತು, ಬರ್ರೆಲೇ ಯಾರರ!” ಎಂದು ಓಣಿಗೆ ಓಡಿದರು.

ನಮ್ಮ ಮನೆಗೆ ಎರಡು ಬಾಗಿಲು. ಮುಂದಿನದು ಹಿಟ್ಟಿನ ಗಿರಣಿಯ ಓಣಿಗೆ, ಹಿಂದಿನದು ಕೆರೆಯ ಏರಿಯ ಕಡೆಗೆ. ಎರಡರಿಂದಲೂ ಜನ ಬಂದರು. ನೆಲದ ಮೇಲೆ ಮಲಗಿದ್ದ ನನಗೆ ಕಂಡದ್ದು ಪಾದಗಳು. ಪಕ್ಕದ ಮನೆಯ ಗಂಗಕ್ಕನ ಬೆಳ್ಳಿಯ ಕಾಲುಂಗುರ, ಗಿರಣಿ ಪಂಪಣ್ಣನ ಹಿಟ್ಟು ಮೆತ್ತಿದ ಹೆಬ್ಬೆರಳು, ಹಿಂದಿನ ಮನೆಯ ಟೀಚರಮ್ಮನ ಕಾಲುಚೀಲ. ಅವರು ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದರು.

ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದ್ದು ಪಂಪಣ್ಣ. “ಹಲೋ, ಕಮಲಾಪುರ ರೀ. ಹಿಟ್ಟಿನ ಗಿರಣಿ ಮುಂದ ನಿಂತು ಕೇಳ್ರಿ, ಯಾರಾದ್ರೂ ತೋರಸ್ತಾರ. ಹೂಂ ರೀ, ಎದಿ ನೋವು. ಹೆಣ್ಮಗಳು.”

“ಎದಿ ನೋವು ಅಂತ ಯಾಕ ಅಂದ್ಯೋ?” ಅತ್ತೆ ಕೇಳಿದರು.

“ಕೈ ಬರವಲ್ದು ಅಂದ್ರ ನಾಳಿ ಬರ್ತಾರ ಅವರು. ಎದಿ ಅಂದ್ರ ಈಗ ಬರ್ತಾರ.”

ಗಂಗಕ್ಕ ಸುಮ್ಮನಿರುವವಳಲ್ಲ. ನನ್ನ ತಲೆಯ ಹತ್ತಿರವೇ ಕುಕ್ಕರಗಾಲಲ್ಲಿ ಕುಳಿತು ತಾನೂ ಫೋನ್ ಹಚ್ಚಿದಳು. “ಏರಿ ಕಡಿಂದ ಬರ್ರಿ ಅಣ್ಣಾರ, ಈ ಕಡಿ ಓಣಿ ಸಣ್ಣದೈತಿ. ಹೆರಿಗಿ ರೀ. ಹೂಂ, ನೋವು ಭಾಳ ತಿನ್ನಾಕತ್ಯಾಳ.”

“ಹೆರಿಗಿ ಯಾರಿಗೆ ಬಂತ ಗಂಗಾ?” ಪಂಪಣ್ಣ ದಂಗಾಗಿ ಕೇಳಿದ. ನನಗಾಗ ಐವತ್ತು ದಾಟಿತ್ತು. ಸಂಡೂರಿಗೆ ಕೊಟ್ಟ ಮಗಳಿಗೇ ಒಂದು ಕೂಸಿತ್ತು.

“ಸುಮ್ನಿರೋ. ಹೆರಿಗಿ ಅಂದ್ರ ಎದಿಗಿಂತ ಜಲ್ದಿ ಬರ್ತಾರ. ನಮ್ಮ ಸೊಸೀನ ಚೆಕಪ್ಪಿಗೆ ದವಾಖಾನಿಗೆ ಒಯ್ಯಾಕ ಪ್ರತಿ ಸಲ ಹಿಂಗ ಕರಸೀನಿ. ವಾಪಸ್ ಬರೂವಾಗಷ್ಟ ಬಸ್ಸು. ನಿನಗೇನು ಗೊತ್ತು ಗಂಡಸಿಗೆ?”

ಟೀಚರಮ್ಮ ಹಿಂದಿನ ಬಾಗಿಲಲ್ಲಿ ನಿಂತು, ಒಂದು ಕಿವಿಯನ್ನು ಮುಚ್ಚಿಕೊಂಡು, ಸ್ಪಷ್ಟವಾಗಿ ಸ್ಟ್ರೋಕ್ ಎಂದೇ ಹೇಳಿದರು. ಆದರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿ ಎಂದು ಗುರುತು ಕೊಟ್ಟರು. ಅವರ ದಾರಿ ಅದು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮ ಓಣಿಯಲ್ಲಿ ಸಾವಿನ ಮನೆಗೆ ಎಲ್ಲರ ಮನೆಯಿಂದಲೂ ಒಂದೊಂದು ಪಾತ್ರೆ ಅನ್ನ ಹೋಗುತ್ತದೆ. ಅಷ್ಟು ಅನ್ನ ಯಾರಿಗೂ ಬೇಕಿರುವುದಿಲ್ಲ, ಆದರೂ ಹೋಗಬೇಕು. ಹೋಗದಿದ್ದರೆ ‘ಅವರ ಮನಿಂದ ಏನೂ ಬರಲಿಲ್ಲ’ ಎಂಬ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಫೋನೂ ಹಾಗೆಯೇ ಆಗಿದೆ. ಯಾರಾದರೂ ಬಿದ್ದರೆ ಪ್ರತಿ ಮನೆಯವರೂ ಗಾಡಿ ಕರೆಯಬೇಕು. ಇಲ್ಲದಿದ್ದರೆ ನಿಂತು ನೋಡಿದರು ಎಂದಾಗುತ್ತದೆ. ನೆಲದ ಮೇಲೆ ಬಿದ್ದುಕೊಂಡು ಆ ಮೂರು ದನಿಗಳನ್ನು ಕೇಳುತ್ತಿದ್ದಾಗ, ಹೇಳಲು ಸಂಕೋಚವಾಗುತ್ತದೆ, ನನಗೆ ಸುಖವೆನಿಸಿತು. ನನಗಾಗಿ ಇಷ್ಟು ಜನ ಕೂಗುತ್ತಿದ್ದಾರೆ ಎನಿಸಿತು.

ಗಾಡಿ ಬರಲಿಲ್ಲ. ಡ್ರೈವರ್ ಪಂಪಣ್ಣನಿಗೆ ತಿರುಗಿ ಫೋನ್ ಮಾಡಿದ, ಪಂಪಣ್ಣ ಮುಂದಿನ ದಾರಿ ಹೇಳಿದ. ಇನ್ನೊಬ್ಬ ಗಂಗಕ್ಕನಿಗೆ ಮಾಡಿದ, ಅವಳು ಏರಿಯ ದಾರಿ ಹೇಳಿದಳು. ಒಬ್ಬರ ಫೋನು ಬಂದಾಗ ಇನ್ನೊಬ್ಬರದು ಎಂಗೇಜ್. ದೂರದಲ್ಲಿ ಒಮ್ಮೆ ಸೈರನ್ ಕೇಳಿತು. ಹತ್ತಿರ ಬಂತು, ಬಂತು, ಆಮೇಲೆ ಕೆರೆಯ ಕಡೆಗೆ ತಿರುಗಿ ಕರಗಿಹೋಯಿತು.

“ಅದು ಬ್ಯಾರೆ ಕೇಸ್ ಇರಬೇಕು,” ಯಾರೋ ಅಂದರು.

ನಾನು ಅದನ್ನು ನಂಬಿದೆ. ನನಗೆ ಎದ್ದು ನೋಡಲು ಆಗುತ್ತಿರಲಿಲ್ಲವಲ್ಲ.

ಆಗ ನನಗಿದ್ದ ಭಯ ಸಾವಿನದಲ್ಲ, ಮಾತಿನದು. ತಲೆಯೊಳಗೆ ವಾಕ್ಯಗಳು ಸಾಲಾಗಿ, ನೀಟಾಗಿ ಇದ್ದವು. ಹಾಲಿನ ಪಾತ್ರೆ ಮುಚ್ಚಿರಿ, ಇವರಿಗೆ ತಿಳಿಸಿ, ನನ್ನ ಸೀರೆ ಸರಿಮಾಡಿ. ಒಂದೂ ಹೊರಗೆ ಬರುತ್ತಿರಲಿಲ್ಲ. ಬೀಗದ ಕೈ ಕಳೆದ ಪೆಟ್ಟಿಗೆಯೊಳಗೆ ಕುಳಿತಂತಿತ್ತು. ತಡವಾದಷ್ಟೂ ಈ ಬೀಗ ಗಟ್ಟಿಯಾಗುತ್ತದೆ ಎಂದು ಯಾರೂ ಹೇಳದೆಯೇ ನನಗೆ ಗೊತ್ತಿತ್ತು.

ಶಾಲೆಯ ಮಕ್ಕಳನ್ನು ಬಿಟ್ಟು ಬಂದ ಆಟೋದ ಖಾಜಾ ಬಾಗಿಲಲ್ಲಿ ಇಣುಕಿದ. “ಇನ್ನೂ ಎಷ್ಟೊತ್ತು ಕಾಯ್ತೀರಿ ಅಮ್ಮಾ? ಹೆಣ ಮಾಡ್ತೀರೇನು ಅಕ್ಕನ್ನ? ಎತ್ತಿ ಕುಂದ್ರಸ್ರಿ, ನಾ ಹೊಡ್ಕೊಂಡು ಹೋಗ್ತೀನಿ.”

ಮಡಿಚಿದ ಕೌದಿಯಲ್ಲಿ ನನ್ನನ್ನು ಹೊತ್ತು ಆಟೋದ ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ಮಲಗಿಸಿದರು. ಕಾಲು ಹೊರಗೆ ಬೀಳದಂತೆ ಟೀಚರಮ್ಮ ಹಿಡಿದುಕೊಂಡರು. ಯಾರೋ ಅವಸರದಲ್ಲಿ ಎತ್ತಿಕೊಟ್ಟ ಒಂದೇ ಚಪ್ಪಲಿ ನನ್ನ ಜೊತೆ ಬಂತು. ಹೊರಟ ಗಡಿಬಿಡಿಯಲ್ಲಿ, ಕರೆದ ಗಾಡಿಗೆ ಬೇಡವೆಂದು ಹೇಳುವ ನೆನಪು ಯಾರಿಗೂ ಆಗಲಿಲ್ಲ.

ಹೊಸಪೇಟೆಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಖಾಜಾ ಒಂದೇ ಸಮನೆ ಹಾರನ್ ಒತ್ತುತ್ತಿದ್ದ, ಪ್ರತಿ ಗುಂಡಿಗೂ “ಮಾಫ್ ಮಾಡ್ರಿ ಅಕ್ಕಾ” ಎನ್ನುತ್ತಿದ್ದ. ಅರ್ಧ ದಾರಿಯಲ್ಲಿ ಎದುರಿಗೆ ಆಂಬುಲೆನ್ಸ್ ಬಂತು, ದೀಪ ತಿರುಗಿಸುತ್ತಾ, ಕೂಗುತ್ತಾ. ರಸ್ತೆಗೆ ಅಡ್ಡಲಾಗಿ ಟ್ರ್ಯಾಕ್ಟರು ನಿಂತಿತ್ತು, ಜಾಗವಿರಲಿಲ್ಲ. ಖಾಜಾ ಆಟೋವನ್ನು ಕೆಸರಿಗೆ ಇಳಿಸಿ ಪೂರ್ತಿ ನಿಲ್ಲಿಸಿಬಿಟ್ಟ.

“ಹೋಗ್ಲಿ ಬಿಡ್ರಿ ಅಮ್ಮಾ, ಪಾಪ, ಯಾರಿಗೆ ಏನಾಗೈತೋ,” ಅಂದ.

“ಹೂಂ, ಹೋಗ್ಲಪಾ,” ಅತ್ತೆ ಅಂದರು. “ಅವರೂ ನಮ್ಮಂಗ ಕಾಯಾಕತ್ತಿರ್ತಾರ.”

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ತರಗತಿಯ ಕಿಟಕಿ ರಸ್ತೆಗೆ ತೆರೆದಿತ್ತು. ಹೊರಗೆ ಸೈರನ್ ಕೇಳಿದರೆ ಸಿಸ್ಟರ್ ಪಾಠ ನಿಲ್ಲಿಸುತ್ತಿದ್ದರು. ನಾವೆಲ್ಲ ಎದ್ದು ನಿಂತು, ಒಳಗಿರುವವರು ಯಾರೆಂದು ತಿಳಿಯದೆಯೇ ಅವರಿಗಾಗಿ ಒಂದು ಪುಟ್ಟ ಪ್ರಾರ್ಥನೆ ಹೇಳಿ ಕೂರುತ್ತಿದ್ದೆವು. ಲೆಕ್ಕ ಬಿಡಿಸುತ್ತಿದ್ದರೂ ಅಷ್ಟೇ, ಪರೀಕ್ಷೆ ಬರೆಯುತ್ತಿದ್ದರೂ ಅಷ್ಟೇ. ಮದುವೆಯಾಗಿ ಶಿವಪೂಜೆಯ ಮನೆಗೆ ಬಂದ ಮೇಲೂ ಆ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ಅಂದು ಆ ಕೆಸರಿನಲ್ಲಿ ನಿಂತ ಆಟೋದಲ್ಲಿ, ಗಂಡನ ಹೆಸರನ್ನೂ ಹೇಳಲಾಗದ ನನ್ನ ಬಾಯಿಂದ ಆ ಪ್ರಾರ್ಥನೆ ಸಲೀಸಾಗಿ ಹೊರಬಂತು, ಮೊದಲಿನಿಂದ ಕೊನೆಯವರೆಗೆ, ಇಂಗ್ಲಿಷಿನಲ್ಲೇ. ಅತ್ತೆ ಬೆಚ್ಚಿದರು. ಮಾತು ಬಂತೆಂದು ಸಂತೋಷದಿಂದ “ಸುಮಾ, ಸುಮಾ” ಎಂದು ಕರೆದರು. ನಾನು ಉತ್ತರ ಕೊಡಲು ಹೋದೆ. ಮತ್ತೆ ‘ತ... ತ...’ ಅಷ್ಟೇ. ಬಾಯಿಪಾಠವಾದದ್ದು ಮೆದುಳಿನ ಬೇರೆ ಮೂಲೆಯಲ್ಲಿರುತ್ತದಂತೆ, ಆಮೇಲೆ ಡಾಕ್ಟರು ಹೇಳಿದರು.

ಗಾಡಿ ನಮ್ಮನ್ನು ದಾಟಿ ಕಮಲಾಪುರದ ಕಡೆಗೆ ಹೋಯಿತು. ಖಾಜಾ ಇಳಿದು, ತಳ್ಳಿ, ಆಟೋವನ್ನು ಮತ್ತೆ ರಸ್ತೆಗೆ ತಂದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಯಾವಾಗ ಶುರುವಾಯಿತು?”

“ರೊಟ್ಟಿ ಸಪ್ಪಳ ನಿಂತಾಗ ರೀ,” ಅತ್ತೆ ಅಂದರು.

“ಅಮ್ಮ, ಗಂಟೆ ಎಷ್ಟಾಗಿತ್ತು? ಹೊತ್ತು ಮೀರಿದ್ದರೆ ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಕೊಡುವ ಹಾಗಿಲ್ಲ. ಹೊತ್ತು ಗೊತ್ತಿಲ್ಲದಿದ್ದರೂ ಕೊಡುವ ಹಾಗಿಲ್ಲ.”

ಅತ್ತೆ ಅಳತೊಡಗಿದರು. ನಮ್ಮ ಮನೆಯಲ್ಲಿ ಗಡಿಯಾರ ನೋಡುವುದು ಬಸ್ಸಿಗೆ ಮಾತ್ರ. ನನಗೆ ಗೊತ್ತಿತ್ತು! ಪಡಸಾಲೆಯ ರೇಡಿಯೋದಲ್ಲಿ ಆಗತಾನೇ ವಾರ್ತೆ ಮುಗಿದಿತ್ತು. ಹೇಳಲು ಬಾಯಿಲ್ಲ. ನನ್ನ ಕಣ್ಣಿನಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು. ನಸುಗಪ್ಪು ಬಣ್ಣದ, ಮೂಗುತಿ ತೂತಿಗೆ ಕಡ್ಡಿ ಸಿಕ್ಕಿಸಿಕೊಂಡಿದ್ದ ಒಬ್ಬ ನರ್ಸ್ ಬಂದು ನನ್ನ ಎಡಗೈ ಹಿಡಿದಳು. “ಅಕ್ಕಾರ, ನಾನು ಹೊತ್ತು ಹೇಳ್ತಾ ಹೋಗ್ತೀನಿ. ಖರೇದು ಬಂದಾಗ ನನ ಕೈ ಹಿಚುಕ್ರಿ,” ಅಂದಳು. ನಾನು ಹಿಚುಕಿದೆ. ಅವಳು ಮತ್ತೊಮ್ಮೆ ಹೇಳಿದಳು, ಮತ್ತೊಮ್ಮೆ ಹಿಚುಕಿದೆ. “ಹೊತ್ತೈತಿ ಸರ್, ಇನ್ನೂ ಸ್ವಲ್ಪ ಹೊತ್ತೈತಿ!” ಎಂದು ಅವಳು ಓಡಿದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಆ ದಿನ ನನಗೆ ಸಿಕ್ಕ ದಯೆಗಳಲ್ಲಿ ಅದು ಎಲ್ಲಕ್ಕಿಂತ ದೊಡ್ಡದು.

ಸ್ಕ್ಯಾನಿಂಗ್ ಆಗಿ, ಇಂಜೆಕ್ಷನ್ ಹನಿಹನಿಯಾಗಿ ಇಳಿಯುತ್ತಿದ್ದಾಗ ಪಕ್ಕದ ಹಾಸಿಗೆಗೆ ಒಬ್ಬನನ್ನು ತಂದರು. ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಟವೆಲ್ಲಿನಿಂದ ಕಟ್ಟಿ ಕೂರಿಸಿಕೊಂಡು ಬಂದಿದ್ದರು. ಮೂವತ್ತರ ಆಸುಪಾಸಿನ ಗಂಡಸು. ಬೆರಳುಗಳೆಲ್ಲ ಬಾಳೆಯ ಕರೆಯಿಂದ ಕಪ್ಪಾಗಿದ್ದವು. ರೆಪ್ಪೆಗಳು ಜೋತು ಬಿದ್ದಿದ್ದವು, ನಿದ್ದೆ ಬಂದವನ ಹಾಗೆ. ಆದರೆ ನಿದ್ದೆಯಲ್ಲ. ರೆಪ್ಪೆಯ ಕೆಳಗಿನ ಸಂದಿನಿಂದ ಅವನು ನನ್ನನ್ನು ನೋಡುತ್ತಿದ್ದ. ಅವನಿಗೂ ಮಾತು ನಿಂತಿತ್ತು. ಇಬ್ಬರು ಮೂಕರು, ಮಧ್ಯೆ ಒಂದು ಸ್ಟೂಲು, ಎಷ್ಟೋ ಹೊತ್ತು ಒಬ್ಬರನ್ನೊಬ್ಬರು ನೋಡಿದೆವು. ನಾನು ಎಡಗೈಯ ಬೆರಳೆತ್ತಿ ಅಲ್ಲಾಡಿಸಿದೆ. ಯಾಕೆಂದು ಕೇಳಬೇಡಿ. ಬೇರೇನೂ ಮಾಡಲು ಆಗುತ್ತಿರಲಿಲ್ಲ.

ಅವನ ಹೆಂಡತಿ ಇನ್ನೊಂದು ಬೈಕಿನಲ್ಲಿ ಬಂದಳು. ಹುಲಿಗೆಮ್ಮ ಅಂತ ಹೆಸರು. ಸೆರಗಿನ ತುಂಬ ಕೆಸರು. ಅತ್ತೆ ಅವಳನ್ನು ಹತ್ತಿರ ಕೂರಿಸಿಕೊಂಡರು.

“ಎಲ್ಲಿಯವರವಾ?”

“ಬುಕ್ಕಸಾಗರ ಅಮ್ಮಾ. ಬಾಳಿ ಎಲಿ ಕೊಯ್ಯಾಕ ಹೋಗಿದ್ದ. ಹಾವು ಮುಟ್ಟೈತಿ. ನೋಡಾಕ ಏನೂ ಇಲ್ಲ, ಬಾವು ಇಲ್ಲ, ರಕ್ತ ಇಲ್ಲ. ‘ಏನಾಗಂಗಿಲ್ಲ ಬಿಡಲೇ’ ಅಂತ ನಕ್ಕ. ಆಮ್ಯಾಲೆ ಮಾತು ತೊದಲಾಕತ್ತಿತು.”

“ಗಾಡಿ ಕರೀಲಿಲ್ಲೇನು?”

“ಕರದ್ವಿ. ಕೂಡ್ಲೇ ಕರದ್ವಿ. ಕಮಲಾಪುರದ ಗಾಡಿ ಅಲ್ಲೇ ಒಂದು ಕೇಸಿನ ಮ್ಯಾಲೆ ನಿಂತೈತಿ ಅಂದ್ರು. ಹೊಸಪೇಟಿದು ಕಳಸ್ರಿ ಅಂದ್ವಿ. ಅದೂ ಕಮಲಾಪುರಕ್ಕ ಹೋಗೈತಿ ಅಂದ್ರು. ಕಂಪ್ಲಿದು ಕೇಳಿದ್ವಿ, ಅದನ್ನೂ ಅಲ್ಲಿಗೇ ಕಳಿಸ್ಯಾರಂತ. ಹತ್ತು ನಿಮಿಷ ತಡೀರಿ, ಹತ್ತು ನಿಮಿಷ ತಡೀರಿ ಅಂತ ಹೇಳ್ಕೋತ ಹೋದ್ರು. ಕಾಯ್ಕೋತ ಕುಂತ್ವಿ. ಅಲ್ಲೇನು ದೊಡ್ಡ ಅನಾಹುತ ಆಗೈತೇನ್ರಿ ಅಮ್ಮಾ, ಕಮಲಾಪುರದಾಗ?”

ಅತ್ತೆ ಇಲ್ಲವೆನ್ನಲಿಲ್ಲ. “ನಮಗೂ ಸೈರನ್ ಕೇಳಿಸ್ತವಾ. ದಾರ್ಯಾಗ ಒಂದು ಗಾಡಿಗೆ ನಾವ ಜಾಗ ಬಿಟ್ಟು ಬಂದ್ವಿ. ಯಾರಿಗೋ ಭಾಳ ಆಗಿರಬೇಕು.”

ಮಲಗಿದಲ್ಲೇ ನಾನೂ ಹಾಗೆಯೇ ಅಂದುಕೊಂಡೆ. ನಮ್ಮೂರಿನಲ್ಲಿ ನನಗಿಂತ ಕಷ್ಟದಲ್ಲಿರುವವರು ಯಾರಿರಬಹುದು ಎಂದು ಒಂದೊಂದೇ ಮನೆಯನ್ನು ಮನಸ್ಸಿನಲ್ಲಿ ಹಾದು ಬಂದೆ. ನಾವು ದಾರಿ ಬಿಟ್ಟ ಗಾಡಿಯಾದರೂ ಅವರಿಗೆ ಹೊತ್ತಿಗೆ ಸರಿಯಾಗಿ ತಲುಪಿರಲಿ ಎಂದು ಬೇಡಿಕೊಂಡೆ.

ಹುಲಿಗೆಮ್ಮನ ಗಂಡನ ಎದೆ ಏರಿಳಿಯುವುದು ನಿಧಾನವಾಗುತ್ತಾ ಬಂತು. ಪರದೆ ಎಳೆದರು. ಪರದೆಯ ಕೆಳಗೆ ಡಾಕ್ಟರುಗಳ ಬೂಟುಗಳು ಓಡಾಡಿದವು. ಗಂಟಲಿಗೆ ನಳಿಗೆ ಇಳಿಸಿ ಚೀಲ ಒತ್ತುವ ಸದ್ದು, ಫುಸ್, ಫುಸ್, ಬಹಳ ಹೊತ್ತು ಕೇಳಿತು. ಮಧ್ಯಾಹ್ನದ ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ಅದೂ ನಿಂತಿತು. ಡಾಕ್ಟರು ಹೊರಗೆ ಬಂದು ಕೈಗವಸು ತೆಗೆಯುತ್ತಾ ನರ್ಸಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. “ಔಷಧ ಇತ್ತು, ಎಲ್ಲ ಇತ್ತು. ದಾರಿಯಲ್ಲಿ ಉಸಿರು ಕೊಡುವವರೊಬ್ಬರು ಜೊತೆಗಿದ್ದಿದ್ದರೆ...”

ಹುಲಿಗೆಮ್ಮ ಅಳಲಿಲ್ಲ. ಅವನ ಬೆರಳಿನ ಬಾಳೆಯ ಕರೆಯನ್ನು ಸೆರಗಿನಿಂದ ಉಜ್ಜತೊಡಗಿದಳು. ಅದು ಹೋಗುವ ಕರೆಯಲ್ಲ. ಉಜ್ಜಿದಳು, ಉಜ್ಜಿದಳು.

ಅದಾದ ಮೇಲೆ ನಮ್ಮ ಮನೆಯವರು ಬಂದರು, ಕಾರ್ಖಾನೆಯ ನೀಲಿ ಅಂಗಿಯಲ್ಲಿ, ಹೆಲ್ಮೆಟ್ ಕಂಕುಳಲ್ಲಿ. ಅವರು ಮಾತು ಕಡಿಮೆಯ ಮನುಷ್ಯ. ಮಂಚದ ಕೆಳಗಿದ್ದ ನನ್ನ ಒಂಟಿ ಚಪ್ಪಲಿಯನ್ನು ಸರಿಯಾಗಿಟ್ಟರು, ಮತ್ತೆ ತೆಗೆದು ಗೋಡೆಗೆ ಹೊಂದಿಸಿಟ್ಟರು, ಮತ್ತೆ ತೆಗೆದರು. ಬೆಳಿಗ್ಗೆ ನಾನು ಕಟ್ಟಿದ ಡಬ್ಬಿ ಹಾಗೇ ಇತ್ತು. ಊಟ ಮಾಡಿ ಎಂದು ಕಣ್ಣಲ್ಲೇ ಹೇಳಿದೆ. ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಅಷ್ಟೂ ತಿಂದು, ಡಬ್ಬಿ ತೊಳೆದುಕೊಂಡು ಬಂದರು. “ಉಪ್ಪು ಸರಿ ಇತ್ತು,” ಅಂದರು. ಅವರ ಕಣ್ಣು ಕೆಂಪಾಗಿತ್ತು.

ಈಗ ನಾನು ಮಾತನಾಡುತ್ತೇನೆ. ‘ರ’ ಮತ್ತು ‘ಲ’ ಸ್ವಲ್ಪ ಎಳೆಯುತ್ತವೆ, ದಣಿದಾಗ ಹೆಸರುಗಳು ತಪ್ಪುತ್ತವೆ. ಸಂಡೂರಿನಿಂದ ಮಗಳು ಬಂದು ತನ್ನ ಕೂಸಿನ ಜೊತೆಗೇ ನನಗೂ ಮಾತು ಕಲಿಸಿದಳು. ನಾವಿಬ್ಬರೂ ಒಟ್ಟಿಗೆ ‘ಕಾಗೆ, ಗುಬ್ಬಿ’ ಹೇಳಿದೆವು, ಕೂಸೇ ಮೊದಲು ಕಲಿಯಿತು. ಬಲಗೈ ಪೂರ್ತಿ ಬರಲಿಲ್ಲ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ರೊಟ್ಟಿಯನ್ನು ಈಗ ಇವರು ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾರೆ, ಅತ್ತೆ ಮೂಗು ಮುರಿಯುತ್ತಲೇ ತಿನ್ನುತ್ತಾರೆ. ಮೊದಲ ತಿಂಗಳುಗಳಲ್ಲಿ ಕನ್ನಡಿ ನೋಡುತ್ತಿರಲಿಲ್ಲ. ಫಿಸಿಯೋಥೆರಪಿಯ ಬೆಂಚಿನ ಮೇಲೆ ನನ್ನಂಥವರೇ ಸಾಲಾಗಿ ಕುಳಿತು, ರಬ್ಬರ್ ಚೆಂಡು ಹಿಚುಕುತ್ತಾ, ಒಬ್ಬರ ಸೊಟ್ಟ ಬಾಯಿಗೆ ಇನ್ನೊಬ್ಬರು ನಕ್ಕಾಗ ಸ್ವಲ್ಪ ಹಗುರವಾಯಿತು. ನಿಮಗೆ ಹೀಗಾಗಿದ್ದರೆ, ಅಳು ಬಂದಾಗ ಅಳಿ. ಅದು ನಾಚಿಕೆಯಲ್ಲ, ಕಾಯಿಲೆಯದೇ ಒಂದು ಭಾಗ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಒಂದು ಮಾತು ನೆನಪಿಡಿ. ಮಾತು ನಿಂತವರಿಗೆ ಕಿವಿ ನಿಂತಿರುವುದಿಲ್ಲ. ಮಂಚದ ಸುತ್ತ ನಿಂತು ನೀವು ಆಡುವುದೆಲ್ಲ ನಮಗೆ ಕೇಳಿಸುತ್ತಿರುತ್ತದೆ, ಬೇಡವೆಂದರೂ.

ಆಸ್ಪತ್ರೆ ಸೇರಿದ ಆ ದಿನವೇ ಸಂಜೆ ಗಂಗಕ್ಕ ಫ್ಲಾಸ್ಕಿನಲ್ಲಿ ಗಂಜಿ, ಚೀಲದಲ್ಲಿ ಮೋಸಂಬಿ ಹಿಡಿದು ಬಸ್ಸಿನಲ್ಲಿ ಬಂದಳು. ನನ್ನ ಹಣೆ ಮುಟ್ಟಿ ನೆಟಿಗೆ ಮುರಿದಳು, ಕಣ್ಣೊರೆಸಿಕೊಂಡಳು. ಅವಳ ಪ್ರೀತಿಯಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ವಾರ್ಡಿನ ಬಾಗಿಲು ತೆರೆದಿತ್ತು. ಹೊರಗಿನ ಬೆಂಚಿನ ಮೇಲೆ ಹುಲಿಗೆಮ್ಮ ಇನ್ನೂ ಕುಳಿತಿದ್ದಳು, ಹೆಣ ಕೊಡುವುದು ಕಾಯುತ್ತಾ, ಗಂಡನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು.

ಗಂಗಕ್ಕ ಮೋಸಂಬಿ ಸುಲಿಯುತ್ತಾ ಅತ್ತೆಗೆ ಹೇಳತೊಡಗಿದಳು. “ನೀವು ಆಟೋದಾಗ ಹೋದ್ರಿ ನೋಡ್ರಿ, ಆಮ್ಯಾಲೆ ಬಂದ್ವು ಗಾಡಿ. ಒಂದಲ್ಲ ರೀ, ಮೂರು! ಗಿರಣಿ ಮುಂದ ಒಂದು, ಏರಿ ಮ್ಯಾಲೆ ಒಂದು, ಬಸ್ ಸ್ಟ್ಯಾಂಡ್ ಹಿಂದ ಒಂದು. ನಮ್ಮೂರಿಂದು, ಹೊಸಪೇಟಿದು, ಕಂಪ್ಲಿದು. ಗಾಡ್ಯಾಗಿನ ನರ್ಸಮ್ಮ ‘ಬಸರಿ ಎಲ್ಲಿ, ಬಸರಿ ಎಲ್ಲಿ’ ಅಂತ ಮನಿ ಮನಿ ಹೊಕ್ಕು ಹುಡುಕಿದ್ಲು, ನನಗ ನಗು ತಡಿಯಾಕ ಆಗಲಿಲ್ಲ. ‘ಫೋನ್ ಮಾಡಿದವರು ಬಂದು ಬ್ಯಾಡ ಅಂತ ಹೇಳ್ರಿ, ಹೋಗ್ತೀವಿ’ ಅಂದ್ರು. ಯಾರು ಹೇಳ್ತಾರ, ಬೈಸಿಕೊಳ್ಳಾಕ? ಪಂಪಣ್ಣ ಗಿರಣಿ ಶಟರ್ ಎಳಕೊಂಡ. ನಾನು ಫೋನ್ ಬಂದ್ ಮಾಡಿ ಒಳಗ ಕುಂತೆ. ನಿಂತ್ವು, ನಿಂತ್ವು, ಭಾಳ ಹೊತ್ತು ನಿಂತ್ವು.”

ಅತ್ತೆಯ ಕೈ ನನ್ನ ಕೈಯ ಮೇಲೆ ಹಾಗೇ ನಿಂತಿತು. ಅವರು ಬಾಗಿಲಿನ ಕಡೆ ನೋಡಿದರು. ಗಂಗಕ್ಕ ನೋಡಲಿಲ್ಲ. ಒಂದು ತೊಳೆ ಬಿಡಿಸಿ, ಬೀಜ ತೆಗೆದು, ಅದನ್ನು ನನ್ನ ಬಾಯಿಗೆ ಹಿಡಿದಳು.

“ಪುಣ್ಯ ಮಾಡ್ಯಾಳ ಬಿಡ್ರಿ ನಿಮ್ಮ ಸೊಸಿ,” ಅಂದಳು. “ಮಂತ್ರಿಗೂ ಇಷ್ಟು ಗಾಡಿ ಬರಂಗಿಲ್ಲ.”